ಏಪ್ರಿಲ್‌ನಲ್ಲಿ ಕೂರಿಸಿದ ಕೋಕೋ ಕಣ್ಣುಗಳು ಒಣಗುತ್ತಿವೆ: ಕಡ್ಡಿಯ ದೋಷವೋ, ಕಾಲದ ದೋಷವೋ?

ಪ್ರಶ್ನೆ (ಗಂಗಾವತಿ):
ತೆಂಗಿನ ತೋಟದ ನಡುವೆ ನಡಲೆಂದು ಚೀಲಗಳಲ್ಲಿ ಕೋಕೋ ಸಸಿ ಬೆಳೆಸಿದ್ದೇವೆ. ಜನವರಿಯಲ್ಲಿ ಕಣ್ಣು ಕಸಿ (ಒಳ್ಳೆಯ ಗಿಡದ ಕಡ್ಡಿಯಿಂದ ಮೊಗ್ಗಿರುವ ತೊಗಟೆ ತುಂಡು ತೆಗೆದು ಸಸಿಯ ತೊಗಟೆಯಲ್ಲಿ ಕೂರಿಸುವುದು) ಮಾಡಲು ಹೊರಟಾಗ ಸಸಿಯ ತೊಗಟೆ ಬಿಡಲೇ ಇಲ್ಲ. ಏಪ್ರಿಲ್‌ನಲ್ಲಿ ತೊಗಟೆ ಸಲೀಸಾಗಿ ಬಿಟ್ಟಿತಾದರೂ, ಮೊದಲ ವಾರ ಹಸಿರಾಗಿದ್ದ ಕಣ್ಣುಗಳು ಆಮೇಲೆ ಅಂಚಿನಿಂದ ಕಂದಾಗಿ ಒಣಗಿದವು. ಕಡ್ಡಿಗಳನ್ನು ಪುತ್ತೂರಿನ ಕಡೆಯಿಂದ ತರಿಸಿದ್ದೆವು. ಕಾರಣ ತಿಳಿಸಬೇಕೆಂದು ವಿನಂತಿ.

ಉತ್ತರ (ಸಿಂಧನೂರು):
ಸರ್, ಎರಡೂ ಕಾಲದ ದೋಷಗಳೇ, ಆದರೆ ಬೇರೆ ಬೇರೆ ಬಗೆಯವು. ಜನವರಿಯ ತಂಪು ರಾತ್ರಿಗಳಲ್ಲಿ ಕೋಕೋ ಬೆಳವಣಿಗೆ ಮಂದವಾಗುವುದರಿಂದ ತೊಗಟೆಯ ಒಳಪದರದಲ್ಲಿ ರಸ ಓಡುವುದಿಲ್ಲ, ತೊಗಟೆ ಕಟ್ಟಿಗೆಗೆ ಅಂಟಿಕೊಂಡಿರುತ್ತದೆ. ಏಪ್ರಿಲ್‌ನಲ್ಲಿ ನೀರು ಕೊಟ್ಟ ಸಸಿಯಲ್ಲಿ ರಸವಿರುತ್ತದೆ, ನಿಜ. ಆದರೆ ಕೂರಿಸಿದ ತೇಪೆಯು, ಅಂದರೆ ಕಣ್ಣಿರುವ ತೊಗಟೆ ತುಂಡು, ಸಸಿಯೊಂದಿಗೆ ಬೆಸೆಯುವವರೆಗೆ ಹೆಚ್ಚಾಗಿ ತನ್ನಲ್ಲಿರುವ ತೇವದಿಂದಲೇ ಬದುಕಬೇಕಾಗಿರುವುದರಿಂದ, 40 ಡಿಗ್ರಿ ದಾಟುವ ನಮ್ಮ ಒಣ ಬಿಸಿಲಿನಲ್ಲಿ ಬೆಸುಗೆಗೆ ಮೊದಲೇ ಅದು ಒಣಗುತ್ತದೆ. ಅಮೆಜಾನ್ ಮಳೆಕಾಡಿನ ದೊಡ್ಡ ಮರಗಳ ಅಡಿಯಲ್ಲಿ ಬೆಳೆಯುವ ಗಿಡವಿದು. ನೆರಳು ಪರದೆ ಬಿಸಿಲನ್ನು ತಡೆದೀತು, ಒಣಗಾಳಿಯನ್ನು ತಡೆಯದು.

ಕರಾವಳಿಯವರು ಜೋರು ಮಳೆಯಲ್ಲಿ ಕಸಿ ಬೇಡವೆನ್ನುವುದು ಕಸಿಗೆ ಸುತ್ತಿದ ಪಟ್ಟಿಯೊಳಗೆ ನೀರು ನುಗ್ಗಿ ಕಣ್ಣು ಕೊಳೆಯುತ್ತದೆಂಬ ಕಾರಣಕ್ಕೆ. ಆ ಮಾತನ್ನು ಇಲ್ಲಿಗೆ ಹಾಗೆಯೇ ತಂದರೆ ನಮಗಿರುವ ಒಳ್ಳೆಯ ಕಾಲವನ್ನೇ ಕಳೆದುಕೊಳ್ಳುತ್ತೇವೆ. ಜೂನ್–ಜುಲೈನ ಬಿರುಗಾಳಿ ತಗ್ಗಿ, ಗಾಳಿಯಲ್ಲಿ ತೇವ ನಿಲ್ಲುವ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನ ಅವಧಿಯೇ ನಮ್ಮ ಭಾಗಕ್ಕೆ ಸೂಕ್ತವೆಂದು ನನ್ನ ಅಭಿಪ್ರಾಯ. ಆಗಲೂ ಮೊದಲು ಒಂದು ಬಿಡಿ ಸಸಿಯ ತೊಗಟೆ ಎತ್ತಿ ನೋಡಿ. ಒಳಗೆ ಜಾರುವಷ್ಟು ಹಸಿಯಿದ್ದರೆ ಮಾತ್ರ ಮುಂದುವರಿಯಿರಿ.

ಕಡ್ಡಿಯ ಬಗ್ಗೆ ಅದನ್ನು ಕೊಟ್ಟವರನ್ನು ಒಂದು ಮಾತು ಕೇಳಿ: ಕತ್ತರಿಸುವ ಸುಮಾರು 10 ದಿನ ಮೊದಲೇ ಎಲೆಯ ಹಾಳೆಗಳನ್ನು ತೆಗೆದು ತೊಟ್ಟುಗಳನ್ನಷ್ಟೇ ಉಳಿಸಿದ್ದರೇ? ಹಾಗೆ ಮಾಡಿದರೆ ತೊಟ್ಟು ತಾನೇ ಉದುರಿ ಕಣ್ಣು ಉಬ್ಬಿರುತ್ತದೆ.

ಪ್ರಶ್ನೆ (ಗಂಗಾವತಿ):
ಕಣ್ಣು ಸತ್ತ ಸಸಿಗಳನ್ನು ಎಸೆಯಬೇಕೇ?

ಉತ್ತರ (ಸಿಂಧನೂರು):
ಬೇಡ. ಕಾಂಡ ಹಸಿರಾಗಿದ್ದರೆ ಪಟ್ಟಿ ಬಿಚ್ಚಿ, ಗಾಯ ಮಾಯಲು ಬಿಟ್ಟು, ಸೆಪ್ಟೆಂಬರ್‌ನಲ್ಲಿ ಅದರ ಎದುರು ಬದಿಯಲ್ಲಿ ಮತ್ತೆ ಕಣ್ಣು ಕೂರಿಸಿ. ಅಲ್ಲಿಯವರೆಗೆ ಚೀಲಗಳಿಗೆ ನೇರ ಬಿಸಿಲು ತಾಗದಿರಲಿ, ಬೇರು ಬೇಯುತ್ತದೆ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದರೆ ಮಳೆನೀರು ಒಳಗಿಳಿಯುವುದಿಲ್ಲ. ಮೂರು ವಾರದ ನಂತರ ಬಿಚ್ಚಿದಾಗ ತೇಪೆ ಹಸಿರಾಗಿದ್ದರೆ, ಅದರ ಮೇಲಿನ ಕಾಂಡವನ್ನು ಪೂರ್ತಿ ಕತ್ತರಿಸದೆ ಅರ್ಧ ಕೊಯ್ದು ಬಾಗಿಸಿಡಿ. ಹೊಸ ಚಿಗುರು ಎಲೆ ಬಲಿಯುವವರೆಗೆ ಹಳೆಯ ಎಲೆಗಳೇ ಅದಕ್ಕೆ ಆಹಾರ ಒದಗಿಸುತ್ತವೆ.