ಕಾರ್ ಪೇಂಟರ್‌ಗೆ ರಾತ್ರಿ ಕೆಮ್ಮು, ಕೈ ಜೋಮು: ಕೆಲಸದಿಂದ ಬಂದಿದ್ದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಯಜಮಾನರು ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕಾರ್ ಪೇಂಟರ್. ಬೆಳಗ್ಗೆ ಪುಟ್ಟಿ ಹಾಕಿ ಮೆಷಿನ್‌ನಲ್ಲಿ ಉಜ್ಜುವುದು, ಮಧ್ಯಾಹ್ನದ ಮೇಲೆ ಸ್ಪ್ರೇ. ಕೆಲವು ತಿಂಗಳಿಂದ ರಾತ್ರಿ ಮಲಗಿದ ಮೇಲೆ ಕೆಮ್ಮು, ಎದೆ ಬಿಗಿತ. ಬೆರಳು ಜುಮ್ ಅನ್ನುತ್ತವೆ, ಅಂಗಿ ಗುಂಡಿ ಹಾಕೋಕೂ ಪರದಾಡುತ್ತಾರೆ. ಅಲರ್ಜಿ ಅಂತ ಹೇಳಿ ಇನ್ಹೇಲರ್ ಕೊಟ್ಟಿದ್ದಾರೆ. ಮುಖಕ್ಕೆ ಕರ್ಚೀಫ್ ಕಟ್ಟಿಕೊಳ್ತಾರೆ. ಇದು ಕೆಲಸದಿಂದ ಬಂದಿದ್ದಾ?

ಉತ್ತರ (ಔದ್ಯೋಗಿಕ ಆರೋಗ್ಯ ವೈದ್ಯ): ಮೇಡಂ, ಮೊದಲು ಒಂದು ವಿಷಯ ಹೇಳಿ. ಭಾನುವಾರ, ಹಬ್ಬಕ್ಕೆ ಊರಿಗೆ ಹೋದಾಗ ಕೆಮ್ಮು ಕಮ್ಮಿ ಆಗುತ್ತಾ?

ಪ್ರಶ್ನೆ: ಹೌದು ಸರ್. ದೀಪಾವಳಿ ರಜೆಯಲ್ಲಿ ಒಂದು ದಿನವೂ ಇನ್ಹೇಲರ್ ಮುಟ್ಟಲಿಲ್ಲ. ವಾಪಸ್ ಬಂದ ವಾರವೇ ಮತ್ತೆ ಶುರು.

ಉತ್ತರ: ಹಾಗಾದರೆ ಕೆಲಸದ ಮೇಲೆಯೇ ನನಗೆ ಅನುಮಾನ. ಥಿನ್ನರ್ ವಾಸನೆ ಜೋರಾಗಿ ಬರುವುದರಿಂದ ಎಲ್ಲರೂ ಅದನ್ನೇ ಬೈಯುತ್ತಾರೆ. ಆದರೆ ಆಸ್ತಮಾ ತರುವುದರಲ್ಲಿ ದೊಡ್ಡ ಕಳ್ಳ ಹಾರ್ಡ್‌ನರ್. ಟೂ-ಕೆ ಪೇಂಟ್ (ಎರಡು ಡಬ್ಬಿ ಬೆರೆಸಿ ಹೊಡೆಯುವ ಪೇಂಟ್), ಮೇಲೆ ಹೊಳಪಿಗೆ ಹೊಡೆಯುವ ಕ್ಲಿಯರ್ ಕೋಟ್‌ಗೆ ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅಪಾಯದ ಮಟ್ಟದಲ್ಲೂ ಅದರ ವಾಸನೆ ಗೊತ್ತಾಗದೇ ಇರಬಹುದು. ಎಷ್ಟೋ ಸಲ ಉಬ್ಬಸ ಸ್ಪ್ರೇ ಗನ್ ಹಿಡಿದಾಗ ಬರುವುದಿಲ್ಲ, ಕೆಲವು ಗಂಟೆ ಬಿಟ್ಟು ರಾತ್ರಿ ಬರುತ್ತದೆ. ಅದಕ್ಕೇ ಗ್ಯಾರೇಜಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಒಮ್ಮೆ ಮೈಗೆ ಅಲರ್ಜಿ ಹತ್ತಿದರೆ ಆಮೇಲೆ ತೀರಾ ಸ್ವಲ್ಪ ಸೋಕಿದರೂ ಸಾಕು, ಜೋರಾಗಿ ಕೆರಳಬಹುದು. ಹಾಗಾಗಿ ಇನ್ಹೇಲರ್ ಹೊಡೆದುಕೊಂಡು ಮತ್ತೆ ಸ್ಪ್ರೇ ಮಾಡುವುದು ಸರಿಯಲ್ಲ. ಕರ್ಚೀಫ್‌ನಿಂದ ಏನೂ ಪ್ರಯೋಜನವಿಲ್ಲ. ಸ್ಪ್ರೇಗೆ ಬೇಕಾಗಿರುವುದು ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಬರುವ ಮಾಸ್ಕ್, ಗಾಳಿ ಹೊರಗೆಳೆಯುವ ಬೂತ್. ಆದರೆ ನಿಮ್ಮ ಯಜಮಾನರಿಗೆ ಈಗಾಗಲೇ ಆಸ್ತಮಾ ಇದ್ದರೆ ಮಾಸ್ಕ್ ನಂಬಿಕೊಂಡು ಗನ್ ಹಿಡಿಯುವುದು ಬೇಡ. ಸ್ಪ್ರೇ ನಡೆಯುವ ಶೆಡ್ ಬಿಟ್ಟು ಬೇರೆ ಕೆಲಸ ಕೇಳಲಿ.

ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ ಪೀಕ್ ಫ್ಲೋ ಮೀಟರ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ದಿನಕ್ಕೆ ನಾಲ್ಕು ಸಲ ಊದಿ ನೋಟ್‌ಬುಕ್‌ನಲ್ಲಿ ಬರೆಯಲಿ. ಎರಡರಿಂದ ನಾಲ್ಕು ವಾರ, ರಜಾ ದಿನವೂ ಸೇರಿ. ಆ ಪಟ್ಟಿ, ಜೊತೆಗೆ ಹಾರ್ಡ್‌ನರ್ ಡಬ್ಬಿಯ ಲೇಬಲ್ ಫೋಟೋ ತೆಗೆದುಕೊಂಡು ಶ್ವಾಸಕೋಶದ ಡಾಕ್ಟರ್ ಹತ್ತಿರ ಹೋಗಿ. ಬರೀ ಇದನ್ನು ಬರೆಯೋಕೆ ಅಂತ ಸ್ಪ್ರೇ ಮುಂದುವರಿಸುವುದು ಬೇಡ. ಮಾತಾಡೋಕೂ ಆಗದಷ್ಟು ಉಬ್ಬಸ ಬಂದರೆ ಪಟ್ಟಿ ಗಿಟ್ಟಿ ಅಂತ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರ ಕಾಮೆಂಟ್: ನಾನೂ ಪೇಂಟರೇ. ನಮ್ಮ ಮೇಸ್ತ್ರಿ ಸಂಜೆ ಬೆಲ್ಲ ತಿನ್ನಿ, ಧೂಳು ಕ್ಲೀನ್ ಆಗುತ್ತೆ ಅಂತಾರೆ.

ಉತ್ತರ: ತಿನ್ನಿ, ಬೇಡ ಅನ್ನಲ್ಲ. ಆದರೆ ಬೆಲ್ಲ ಹೋಗುವುದು ಹೊಟ್ಟೆಗೆ, ಪೇಂಟ್ ಹೋಗುವುದು ಶ್ವಾಸಕೋಶಕ್ಕೆ.

ಪ್ರಶ್ನೆ: ಕೈ ಜೋಮಿನ ಬಗ್ಗೆ ಹೇಳಲಿಲ್ಲ ಸರ್. ಅದೂ ಪೇಂಟಿಂದಲೇನಾ?

ಉತ್ತರ: ಇಲ್ಲಿ ಎರಡು ಅನುಮಾನ. ಒಂದು, ಸ್ಯಾಂಡರ್ ಮತ್ತು ಗ್ರೈಂಡರ್‌ನ ಅದುರು. ಬೆರಳಿನ ನರಕ್ಕೆ ಪೆಟ್ಟು ಬೀಳುತ್ತಾ ಬರುತ್ತದೆ. ಚಳಿ ದೇಶಗಳಲ್ಲಿ ಬೆರಳು ಬೆಳ್ಳಗಾಗುವುದು ಎದ್ದು ಕಾಣುತ್ತದೆ. ನಮ್ಮ ಸೆಕೆಯಲ್ಲಿ ಅದು ಕಾಣದೆ ಬರೀ ಜೋಮು ಬರಬಹುದು, ಹಾಗಾಗಿ ಬೆಳ್ಳಗಾಗಿಲ್ಲ ಅಂತ ಸುಮ್ನಿರಬೇಡಿ. ಗುಂಡಿ ಹಾಕೋಕೆ ಕಷ್ಟ ಅಂದರೆ ಕಾಯಿಲೆ ಸ್ವಲ್ಪ ಮುಂದುವರಿದಿದೆ ಅಂತ. ನರಕ್ಕೆ ಆದ ಹಾನಿ ಪೂರ್ತಿ ವಾಸಿ ಆಗದೇ ಇರಬಹುದು.

ಎರಡನೆಯದು, ಕೆಲವು ಥಿನ್ನರ್‌ಗಳಲ್ಲಿರುವ, ನರಕ್ಕೆ ಹಾನಿ ಮಾಡುವ ಹೆಕ್ಸೇನ್ ಅನ್ನುವ ರಾಸಾಯನಿಕ. ಅದಾದರೆ ಸಾಮಾನ್ಯವಾಗಿ ಪಾದವೂ ಜೋಮು ಹಿಡಿಯುತ್ತದೆ. ಥಿನ್ನರ್‌ನಲ್ಲಿ ಕೈ ತೊಳೀತಾರಾ?

ಪ್ರಶ್ನೆ: ಪಾದಕ್ಕೆ ಏನೂ ಇಲ್ಲ. ಕೈ ಮಾತ್ರ ದಿನಾ ಥಿನ್ನರ್‌ನಲ್ಲೇ ತೊಳೆಯೋದು.

ಉತ್ತರ: ಹಾಗಾದರೆ ಅದುರಿನ ಕಡೆಗೇ ಜಾಸ್ತಿ ವಾಲುತ್ತದೆ. ಆದರೂ ಸಕ್ಕರೆ, ಬಿ12, ನರದ ಪರೀಕ್ಷೆ ಮಾಡಿಸಿ. ಥಿನ್ನರ್‌ನಲ್ಲಿ ತೊಳೆಯೋದು ಇವತ್ತೇ ನಿಲ್ಲಲಿ, ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಸವೆದ ಪ್ಯಾಡ್ ಬದಲಿಸಲಿ, ಮೆಷಿನ್ ಬಿಗಿಯಾಗಿ ಅದುಮಿ ಹಿಡಿಯುವುದು ಬೇಡ, ಉಜ್ಜುವ ಕೆಲಸವನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಲಿ. ಬೀಡಿ ಸೇದಿದರೆ ಬೆರಳಿನ ರಕ್ತನಾಳ ಇನ್ನೂ ಕುಗ್ಗುತ್ತದೆ.

ಪ್ರಶ್ನೆ: ಓನರ್ ಕೆಲಸ ಬದಲಿಸದಿದ್ದರೆ?

ಉತ್ತರ: ಕಾನೂನು ಏನು ಹೇಳುತ್ತದೆ ಅಂತ ನೋಡೋಣ. ಭೋಪಾಲ್‌ನಲ್ಲಿ 1984ರಲ್ಲಿ ಸೋರಿದ್ದೂ ಐಸೊಸಯನೇಟ್ ಕುಟುಂಬದ ಅನಿಲವೇ. ಪೇಂಟಿನಲ್ಲಿರುವುದು ಅದಲ್ಲ, ಹೆದರಬೇಡಿ. ಆ ದುರಂತದ ನಂತರ, 1987ರಲ್ಲಿ, ಆಗಿನ ಫ್ಯಾಕ್ಟರಿ ಕಾಯ್ದೆಯ ಔದ್ಯೋಗಿಕ ಕಾಯಿಲೆಗಳ ಪಟ್ಟಿಗೆ ಐಸೊಸಯನೇಟ್ ವಿಷಬಾಧೆಯೂ ಸೇರಿತು. ಆದರೆ ನಾಲ್ಕೈದು ಜನರ ಗ್ಯಾರೇಜು ಇಂಥ ಕಾಯ್ದೆಗಳ ಕೈಗೆ ಸಿಗುವುದೇ ಕಷ್ಟ. ಹತ್ತು ಜನ ಅಥವಾ ಜಾಸ್ತಿ ಇದ್ದರೆ ಇಎಸ್ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇದೆಯಾ ನೋಡಿ. ಇದ್ದರೆ ಅಲ್ಲಿನ ಡಾಕ್ಟರ್‌ಗೆ ಇದು ಕೆಲಸದಿಂದ ಬಂದಿರಬಹುದು ಅಂತ ಹೇಳಿ, ಚೀಟಿಯಲ್ಲಿ ‘ಕಾರ್ ಸ್ಪ್ರೇ ಪೇಂಟರ್’ ಅಂತ ಬರೆಸಿಕೊಳ್ಳಿ.