ಮಗಳ ಬರ್ತ್‌ಡೇಗೆ ಬೌನ್ಸಿ ಕ್ಯಾಸಲ್ ಬಾಡಿಗೆಗೆ ತರ್ಬೇಕು, ಉಡುಪಿ ಕಡೆ ಅನುಭವ ಇದ್ದವರು ಹೇಳಿ

ಕುಂಜಿಬೆಟ್ಟು ಅಮ್ಮ:
ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಎರಡನೇ ಭಾನುವಾರ ಮಗಳಿಗೆ 5 ವರ್ಷ ತುಂಬ್ತದೆ. ನನ್ನ ತಂಗಿ ಇರೋದು ಇಂಗ್ಲೆಂಡಿನ ಯಾರ್ಕ್‌ನಲ್ಲಿ, ಹೋದ ವರ್ಷ ಅವಳ ಮಗನ ಬರ್ತ್‌ಡೇಗೆ ಮನೆ ಹಿಂದೆ ಹುಲ್ಲಿನ ಮೇಲೆ ಬೌನ್ಸಿ ಕ್ಯಾಸಲ್ ಹಾಕಿಸಿದ್ಲು, ಅದನ್ನು ವಿಡಿಯೋ ಕಾಲಲ್ಲಿ ನೋಡಿದಾಗಿಂದ ನಮ್ಮ ಹುಡುಗಿದು ಅದೇ ಜಪ. ಜಾತ್ರೆಯಲ್ಲಿ ಗಾಳಿ ತುಂಬಿಸಿ ಮಕ್ಕಳನ್ನು ಹಾರಿಸ್ತಾರಲ್ಲ, ಅದೇ. ಶಾಮಿಯಾನದವರ ಮೂಲಕ ಒಬ್ರು ಸಿಕ್ಕಿದ್ರು, 4 ಗಂಟೆಗೆ 6 ಸಾವಿರ ಅಂತಾರೆ. ನಮ್ಮ ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದೇವೆ, ಬದಿಯಲ್ಲಿ ನಾಲ್ಕು ತೆಂಗಿನಮರ ಉಂಟು, ಟೈಮ್ ಸಂಜೆ 4ರಿಂದ 8 ಅಂತ ಅಂದ್ಕೊಂಡಿದ್ದೇವೆ. ರೇಟು ಸರಿ ಉಂಟಾ? ಅವರತ್ರ ಬೇರೆ ಎಂತ ಕೇಳ್ಬೇಕು?

ಸುರತ್ಕಲ್ ಮಾವ:
ರೇಟಿನ ವಿಷ್ಯ ಆಮೇಲೆ ಆಗ್ಲಿ ಅಕ್ಕ, ಮೊದಲು ಜನರೇಟರ್ ಉಂಟಾ ಕೇಳಿ. ಅದು ಬಲೂನಿನ ಹಾಗೆ ಒಂದ್ಸಲ ಊದಿ ಬಾಯಿ ಕಟ್ಟೋದಲ್ಲ, ಹೊಲಿಗೆಯಿಂದ ಗಾಳಿ ಹೋಗ್ತಾನೇ ಇರ್ತದೆ, ಬ್ಲೋವರ್ ತುಂಬಿಸ್ತಾನೇ ಇರ್ಬೇಕು. ನನ್ನ ಅಕ್ಕನ ಮಗನ ಬರ್ತ್‌ಡೇಲಿ ಕರೆಂಟ್ ಹೋಯ್ತು, ಮೊದಲು ಮೇಲಿನ ಗೋಪುರ ಬಾಗಿತು, ನಾವು ನೋಡ್ತಾ ನಿಂತಿದ್ದೇವೆ, ಅಷ್ಟರಲ್ಲಿ ಎರಡೂ ಬದಿ ಗೋಡೆ ಮಕ್ಕಳ ಮೇಲೆ ಮಡಚಿ ಬಿತ್ತು. ಒಳಗೆ ಏಳು ಮಕ್ಕಳು. ನನ್ನ ಹೆಂಡತಿ ಓಡಿ ಬಾಗಿಲ ಕಡೆ ಆ ಪ್ಲಾಸ್ಟಿಕ್ಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ್ಲು, ನಾನು ಒಂದೊಂದೇ ಮಕ್ಕಳ ಕಾಲು ಹಿಡಿದು ಎಳೆದದ್ದು. ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಬಾಡಿಗೆಗೆ ತಂದವ ಆಗ ಟೀ ಕುಡಿಯಲು ಹೋಗಿದ್ದ, ಅದು ನನಗೆ ಈಗ್ಲೂ ಸಹಿಸ್ಲಿಕ್ಕೆ ಆಗುದಿಲ್ಲ.

ಪುತ್ತೂರಿನವ:
ಅಕ್ಕ, ನಿಮ್ಮ ತಂಗಿ ಇರೋ ಯಾರ್ಕ್‌ನಲ್ಲೇ ನಾನೂ ಇರೋದು. ಕೋಟೆಗೋಡೆ ಒಳಗೆ ಹಳೇ ಪೇಟೆ, ಶ್ಯಾಂಬಲ್ಸ್ ಅಂತ ಒಂದು ಬೀದಿ ಉಂಟು, ಮೇಲಿನ ಮಾಳಿಗೆಗಳು ಎದುರುಬದುರು ತಾಗುವಷ್ಟು ಹತ್ತಿರ. ಅಂಥ ಊರಲ್ಲಿ ಬುಕ್ ಮಾಡುವಾಗ ನನ್ನತ್ರ ಮೊದಲು ಕೇಳಿದ್ದು ಗೇಟಿನ ಅಗಲ ಎಷ್ಟು, ಆಮೇಲೆ ನೆಲ ಎಂಥದ್ದು ಅಂತ. ಇಲ್ಲಿನ ನಿಯಮ ಹೇಳ್ತೇನೆ, ನಿಮಗೂ ಉಪಯೋಗ ಆಗ್ತದೆ. ಕಡಿಮೆ ಅಂದ್ರೆ 6 ಕಡೆ ನೆಲಕ್ಕೆ ಕಟ್ಟಲೇಬೇಕು, ಕಬ್ಬಿಣದ ಗೂಟ 38 ಸೆಂಟಿಮೀಟರ್ ಉದ್ದ, 16 ಮಿಲಿಮೀಟರ್ ದಪ್ಪ. ಗೂಟ ಹೊಡೀಲಿಕ್ಕಾಗದ ಗಟ್ಟಿ ನೆಲ ಆದ್ರೆ ಪ್ರತಿ ಕಟ್ಟಿಗೂ 163 ಕೆಜಿ ಭಾರ. ಗಾಳಿ ಗಂಟೆಗೆ 38 ಕಿಲೋಮೀಟರ್ ದಾಟಿದ್ರೆ ಮಕ್ಕಳನ್ನು ಇಳಿಸಿ ಬಂದ್ ಮಾಡ್ಬೇಕು. ಪಿಪಾ ಅಂತ ಒಂದು ಟ್ಯಾಗ್ ಇರ್ತದೆ, ಅದರ ನಂಬರ್ ಹಾಕಿದ್ರೆ ತಪಾಸಣೆ ಆಗಿದ್ಯಾ ಇಲ್ವಾ ಆನ್‌ಲೈನಲ್ಲೇ ಗೊತ್ತಾಗ್ತದೆ.
ಇದೆಲ್ಲ ಅತಿಯಾಯ್ತು ಅಂತ ದಯವಿಟ್ಟು ಅನ್ಬೇಡಿ. 2016ರ ಮಾರ್ಚಲ್ಲಿ ಎಸೆಕ್ಸ್‌ನ ಹಾರ್ಲೋ ಪಾರ್ಕಲ್ಲಿ ಬೌನ್ಸಿ ಕ್ಯಾಸಲನ್ನೇ ಗಾಳಿ ಎತ್ಕೊಂಡು ಹೋಗಿ ಒಳಗಿದ್ದ 7 ವರ್ಷದ ಹುಡುಗಿ ತೀರಿಹೋದ್ಲು, ಅದನ್ನು ನಡೆಸ್ತಿದ್ದ ಇಬ್ರಿಗೆ 2018ರಲ್ಲಿ ಜೈಲಾಯ್ತು. ನನ್ನ ಮಗಳಿಗೂ ಈಗ 7.

ಕಟಪಾಡಿ ಭಟ್ರು:
ಇಂಟರ್‌ಲಾಕಿಗೆ ಗೂಟ ಹೊಡೀಲಿಕ್ಕೆ ಆಗುದಿಲ್ಲ, ಅದ್ರ ಅಡಿಯಲ್ಲಿ ನಮ್ಮ ಕಡೆ ಮುರಕಲ್ಲೇ. ಅವರು ಹೇಳಿದ ಲೆಕ್ಕ ಹಾಕಿ, 163 ಆರ್ಲಿ ಅಂದ್ರೆ ಹತ್ರ ಹತ್ರ ಒಂದು ಟನ್ ಹೊಯಿಗೆ. ಇಲ್ಲಿನವರು ಹಗ್ಗ ತಂದು ತೆಂಗಿನಮರಕ್ಕೊಂದು ನಲ್ಲಿ ಪೈಪಿಗೊಂದು ಕಟ್ಟಿ ಹೋಗ್ತಾರೆ, ಬಿಡ್ಬೇಡಿ. ಮತ್ತೆ ತೆಂಗಿನಮರದ ಬುಡದಲ್ಲಿ ಮಕ್ಕಳನ್ನು ಹಾರಿಸುದಾ, ಕಾಯಿ ಬೀಳ್ತದೆ ಮಡಲು ಬೀಳ್ತದೆ. ಸಂಜೆ 4 ಅಂದ್ರೆ ಕಡಲ ಗಾಳಿ ಜೋರಿರುವ ಹೊತ್ತು, ಬೆಳಿಗ್ಗೆ 9ಕ್ಕೆ ಇಡಿ, 11ರ ಒಳಗೆ ಮುಗಿಸಿ, ಆಮೇಲೆ ಬಿಸಿಲಿಗೆ ಆ ಶೀಟು ಕಾದು ಮಕ್ಕಳ ಅಂಗಾಲು ಸುಡ್ತದೆ. ಹತ್ರ ಕೊಯ್ಲಾದ ಗದ್ದೆ ಇದ್ರೆ ಅದೇ ಒಳ್ಳೇದು, ಗೂಟ ಕೂತ್ಕೊಳ್ತದೆ, ಕೂಳೆ ಚುಚ್ಚದ ಹಾಗೆ ಅಡಿಗೆ ದಪ್ಪ ಟರ್ಪಾಲು ಹಾಸಿ.

ಸುರತ್ಕಲ್ ಮಾವ:
ಭಟ್ರು ಹೇಳಿದ್ದು ಸರಿ. ಇನ್ನೊಂದು, ಹತ್ತು ಹನ್ನೆರಡು ವರ್ಷದವರನ್ನು ಸಣ್ಣವರ ಜೊತೆ ಹತ್ತಿಸ್ಬೇಡಿ, ಅವರು ಹಾರಿದ ಏಟಿಗೆ ಸಣ್ಣವು ಹೊರಗೆ ಎಸೆದ ಹಾಗೆ ಬೀಳ್ತಾವೆ.

ಕುಂಜಿಬೆಟ್ಟು ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿದ ಮೇಲೆ ಆ ಜನಕ್ಕೆ ಫೋನ್ ಮಾಡಿ ಗೂಟ ಎಷ್ಟು ತರ್ತೀರಿ ಕೇಳಿದೆ, "ನಾಲ್ಕು ಮೂಲೆಗೆ ಹಗ್ಗ ಕಟ್ತೇವೆ ಮೇಡಂ, ಎಂತ ಆಗುದಿಲ್ಲ" ಅಂದ್ರು. ಬೇಡ ಅಂದೆ. ಹಿರಿಯಡಕದಲ್ಲಿ ಅತ್ತೆ ಮನೆ ಎದುರು ಬಾಕಿಮಾರು ಗದ್ದೆ ಖಾಲಿ ಉಂಟು, ಕೊಯ್ಲು ನವೆಂಬರಲ್ಲೇ ಆಗಿದೆ, ಪಾರ್ಟಿ ಅಲ್ಲಿಗೇ ಬೆಳಿಗ್ಗೆಗೆ ಹಾಕಿದೆವು. ಬ್ಲೋವರ್ ಹತ್ರ ನನ್ನ ತಮ್ಮ ಕೂರ್ತಾನೆ, ಅಲ್ಲಿಂದ ಏಳುವ ಹಾಗಿಲ್ಲ ಅಂತ ಹೇಳಿಟ್ಟಿದ್ದೇನೆ. 6 ಗೂಟ, ಜನರೇಟರ್ ಎರಡೂ ತರುವವರು ಉಡುಪಿ ಮಂಗಳೂರು ಕಡೆ ಯಾರಾದ್ರೂ ಗೊತ್ತಿದ್ರೆ ಮೆಸೇಜ್ ಮಾಡಿ, ರೇಟು ಸ್ವಲ್ಪ ಜಾಸ್ತಿ ಆದ್ರೂ ಅಡ್ಡಿಲ್ಲ.