ಕೇಸ್ ಶೀಟ್ ಕೊಡಲ್ಲ ಅಂತಾರೆ, ಏನು ಮಾಡೋದು? ಕಲಬುರಗಿ ಕಡೆಯವರ ಅನುಭವ

ಕೇಳಿದವರು, ಕಲಬುರಗಿ
ಕಲಬುರಗಿಯ ಒಂದು ಖಾಸಗಿ ದವಾಖಾನೆಯಲ್ಲಿ ಅವ್ವನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಹತ್ತು ದಿನಕ್ಕೆ ಹೊಟ್ಟೆಯಲ್ಲಿ ಕೀವು ತುಂಬಿತು. ಈಗ ಸೊಲ್ಲಾಪುರದಲ್ಲಿ ಇದ್ದೇವೆ. ಈ ಡಾಕ್ಟರು ಹಳೇ ಆಪರೇಷನ್ ಕಾಗದ ಕೇಳುತ್ತಿದ್ದಾರೆ. ಅಲ್ಲಿ ಕೇಳಿದರೆ "ಡಿಸ್ಚಾರ್ಜ್ ಕಾರ್ಡ್ ಕೊಟ್ಟೀವಲ್ಲ" ಅಂತಾರೆ. ಗೊತ್ತಿದ್ದವರು ದಾರಿ ಹೇಳಿ.

ಚಿತ್ತಾಪುರದಿಂದ
ತಮ್ಮಾ, ಬಾಯಿಮಾತಿನಲ್ಲಿ ಕೇಳಬೇಡ. ಅಪ್ಪನ ಕಾಗದಕ್ಕೆ ನಾನು ಮೂರು ಸಲ ಬಸ್ ಹತ್ತಿ ಬಂದೆ. "ಡಾಕ್ಟರ್ ಇಲ್ಲ, ನಾಳೆ ಬನ್ನಿ" ಅಂತ ಕೌಂಟರಿನಲ್ಲೇ ವಾಪಸ್ ಕಳಿಸಿದರು. ಕೊನೆಗೆ ಕೋರ್ಟ್ ಹತ್ತಿರ ಒಬ್ಬ ವಕೀಲರು ಅರ್ಧ ಪುಟದ ಅರ್ಜಿ ಬರೆಸಿದರು. ಅಪ್ಪನ ಹೆಸರು, ಐಪಿ ನಂಬರ್ (ಒಳರೋಗಿಗೆ ದವಾಖಾನೆ ಕೊಡುವ ನಂಬರ್), ಸೇರಿಸಿದ ತಾರೀಖು. ಆಮೇಲೆ ಒಂದೇ ಮಾತು: ವೈದ್ಯರ ನಡವಳಿಕೆಯ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ ಅದೇ ವೃತ್ತಿ ದುರ್ನಡತೆ ಆಗುತ್ತದೆ, ಚಿಕಿತ್ಸೆ ಸರಿಯೋ ತಪ್ಪೋ ಅನ್ನೋದು ಬೇರೆ ವಿಷಯ.

ಅರ್ಜಿ ತಲುಪಿತು ಅಂತ ನನ್ನ ಪ್ರತಿಗೆ ಸೀಲ್ ಹಾಕಲು ದವಾಖಾನೆಯವರು ಒಪ್ಪಲಿಲ್ಲ. ಸೀದಾ ಪೋಸ್ಟ್ ಆಫೀಸಿಗೆ ಹೋಗಿ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ನಾಲ್ಕನೇ ದಿನ ಅವರೇ ಫೋನ್ ಮಾಡಿ ಕರೆದರು. ಜೆರಾಕ್ಸ್ ಕಟ್ಟು ಮನೆಗೆ ತಂದು ಒಂದೊಂದೇ ಹಾಳೆ ನೋಡಿದೆವು. ಮೂರು ರಾತ್ರಿಯ ಬಿಪಿ, ಜ್ವರ ಎಲ್ಲ ಒಂದೇ ಪೆನ್ನು, ಒಂದೇ ಕೈಬರಹ. ಮೂರು ರಾತ್ರಿಯೂ ಬೇರೆ ಬೇರೆ ಸಿಸ್ಟರ್ ಇದ್ದದ್ದು ನಾನೇ ಕಣ್ಣಾರೆ ನೋಡಿದ್ದೇನೆ. ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷ್, ಕೆಳಗೆ ಅಪ್ಪನ ಹೆಬ್ಬೆಟ್ಟು. ಅದನ್ನು ನೋಡಿ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನೀನು ಆಪರೇಷನ್ ನೋಟ್ಸ್, ಅನಸ್ತೇಷಿಯಾ ಶೀಟ್, ನರ್ಸ್ ಚಾರ್ಟ್, ಲ್ಯಾಬ್ ರಿಪೋರ್ಟ್, ಒಪ್ಪಿಗೆ ಪತ್ರ ಅಂತ ಹೆಸರು ಹಿಡಿದು ಬರೆ. ಅವ್ವನ ಸಹಿ ಇರುವ ಒಂದು ಅಧಿಕಾರ ಪತ್ರ ಜೊತೆಗಿರಲಿ.

ಬೀದರ್‌ನಿಂದ
ನಮ್ಮ ಕಾಕಾನ ವಿಷಯದಲ್ಲಿ ನಾವು ಮೊದಲು ಪೊಲೀಸ್ ಸ್ಟೇಷನ್‌ಗೆ ಹೋಗಿ ತಿಂಗಳುಗಟ್ಟಲೆ ಕಳೆದುಕೊಂಡೆವು. ಡಾಕ್ಟರ ಮೇಲೆ ಕ್ರಿಮಿನಲ್ ಕೇಸ್ ಆಗಬೇಕಾದರೆ ನಿರ್ಲಕ್ಷ್ಯ ತೀರಾ ದೊಡ್ಡದಿರಬೇಕು, ಇನ್ನೊಬ್ಬ ಡಾಕ್ಟರ ಅಭಿಪ್ರಾಯವೂ ಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಡಾಕ್ಟರ ನಡತೆ ಬಗ್ಗೆ ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ಬರೆಯಬಹುದು. ಅವರು ಎಚ್ಚರಿಕೆ ಕೊಡಬಹುದು, ರಿಜಿಸ್ಟರಿನಿಂದ ಹೆಸರನ್ನೇ ತೆಗೆಯಬಹುದು, ಆದರೆ ಪರಿಹಾರದ ದುಡ್ಡು ಕೊಡಿಸಲ್ಲ. ದುಡ್ಡಿಗೆ ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿ ಎರಡು ವರ್ಷದ ಗಡುವು ಇದೆ, ನಾವು ಅದರ ಅಂಚಿಗೆ ಬಂದಿದ್ದೆವು. ಖಾಸಗಿ ದವಾಖಾನೆ ಮೇಲಿನ ದೂರಿಗೆ ಜಿಲ್ಲೆಯಲ್ಲೇ ಡಿಸಿ ಅಧ್ಯಕ್ಷತೆಯ ಪ್ರಾಧಿಕಾರವೂ ಇದೆ, ಡಿಎಚ್‌ಒ (ಜಿಲ್ಲಾ ಆರೋಗ್ಯ ಅಧಿಕಾರಿ) ಆಫೀಸಿನಲ್ಲಿ ವಿಚಾರಿಸಿ.

ಯಾದಗಿರಿಯಿಂದ, ನರ್ಸ್
ಅಣ್ಣಾ, ಒಂದು ಮಾತು. ಎಲ್ಲ ಸರಿಯಾಗಿ ಮಾಡಿದರೂ ಕೆಲವೊಮ್ಮೆ ಕೀವು ಆಗುತ್ತದೆ. ತಪ್ಪು ಇದೆಯೋ ಇಲ್ಲವೋ ಕಾಗದ ನೋಡಿಯೇ ಹೇಳಬೇಕು. ಕಾಗದ ಮುಚ್ಚಿಡೋದು ಮಾತ್ರ ಖಂಡಿತ ತಪ್ಪು, ನಮ್ಮವರು ಮಾಡಿದರೂ ತಪ್ಪೇ. ಸಿಟ್ಟಿನಲ್ಲಿ ಜನ ಕರ್ಕೊಂಡು ವಾರ್ಡಿಗೆ ನುಗ್ಗಬೇಡಿ. ಕೈ ಮಾಡಿದರೆ ದವಾಖಾನೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವ 2009ರ ಕಾನೂನಿನಲ್ಲಿ ಜಾಮೀನಿಲ್ಲದ ಕೇಸ್ ಆಗುತ್ತದೆ, ನಿಮ್ಮ ದೂರು ಅಲ್ಲೇ ಮೂಲೆಗೆ ಬೀಳುತ್ತದೆ.

ಇನ್ನೊಂದು. ತೆಗೆದ ಪಿತ್ತಕೋಶವನ್ನು ಸಾಮಾನ್ಯವಾಗಿ ಬಯಾಪ್ಸಿಗೆ ಕಳಿಸುತ್ತಾರೆ. ರಿಪೋರ್ಟ್ ಡಿಸ್ಚಾರ್ಜ್ ಆದಮೇಲೆ ಬರುತ್ತದೆ, ಎಷ್ಟೋ ಜನ ತಗೊಳ್ಳೋದೇ ಇಲ್ಲ. ಅರ್ಜಿಯಲ್ಲಿ ಅದನ್ನೂ ಸೇರಿಸಿ. ಸೊಲ್ಲಾಪುರದ ಡಾಕ್ಟರು ಅದನ್ನು ಕೇಳೇ ಕೇಳುತ್ತಾರೆ.